ಮುಜಫ್ಫರನ ದಮ್ಮು, ಗಾಜಿನಂಗಡಿಯ ನೀಲಿ ನೀರು

ಯಶವಂತಪುರದಲ್ಲಿ ಆ ಕಾಲಕ್ಕೆ ಮುಜಫ್ಫರನ ಕಬಡ್ಡಿ ನೋಡದವರು ಯಾರಿದ್ದರು ಹೇಳಿ? ಭಾನುವಾರ ಸಂಜೆ ಆಯಿತೆಂದರೆ ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದಿದ್ದ ಮಣ್ಣಿನ ಮೈದಾನದ ಸುತ್ತ ಜನವೋ ಜನ. ಕಿವಿಗೆ ಟ್ರಾನ್ಸಿಸ್ಟರ್ ಒತ್ತಿಕೊಂಡು ಕ್ರಿಕೆಟ್ ಕಾಮೆಂಟರಿ ಕೇಳುವವರೂ ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ಮುಜಫ್ಫರ್ ರೈಡಿಗೆ ಎದ್ದ ಕೂಡಲೇ ಅವರೂ ಟ್ರಾನ್ಸಿಸ್ಟರ್ ಬಂದ್ ಮಾಡಿಬಿಡುತ್ತಿದ್ದರು. ಅವನ ಆಟವನ್ನು ಕಣ್ಣಿಗಿಂತ ಹೆಚ್ಚಾಗಿ ಕಿವಿಯಲ್ಲಿ ನೋಡಬೇಕಿತ್ತು.

ಬೇರೆ ರೈಡರುಗಳು ಕಬಡ್ಡಿ ಕಬಡ್ಡಿ ಅಂತ ಅರಚುತ್ತಾರೆ. ಮುಜಫ್ಫರ್ ಅರಚಿದವನೇ ಅಲ್ಲ. ಹೊಲಿಗೆ ಮಿಷನ್ನು ಓಡಿದ ಹಾಗೆ ಸಣ್ಣಗೆ, ಒಂದೇ ಸಮ, ಕಬಡ್ಡಿ ಕಬಡ್ಡಿ ಕಬಡ್ಡಿ. ನಡುವೆ ಉಸಿರು ಎಳೆದುಕೊಂಡರೆ ರೈಡರು ಔಟು, ಇದು ಎಲ್ಲರಿಗೂ ಗೊತ್ತಿರುವ ರೂಲು. ಅವನು ಗೆರೆ ದಾಟಿದಾಗ ನೋಡುವ ನಾವೂ ಅವನ ಜೊತೆ ಉಸಿರು ಬಿಗಿಹಿಡಿಯುತ್ತಿದ್ದೆವು. ನಮ್ಮದು ಮುಗಿದು, ಬಾಯಿ ಬಿಟ್ಟು, ಮತ್ತೆ ಎಳೆದುಕೊಂಡು, ಅದೂ ಮುಗಿದರೂ ಅವನದು ಮುಗಿಯುತ್ತಿರಲಿಲ್ಲ. ಎದುರು ಟೀಮಿನವರು ಇವನ ದಮ್ಮು ಮುಗಿಯಲಿ ಅಂತ ಹಿಂದೆ ಹಿಂದೆ ಸರಿದು, ಕೊನೆಗೆ ಬೇಸರ ಬಂದು ಮೈಮೇಲೆ ಬೀಳುತ್ತಿದ್ದರು. ಅಷ್ಟೇ, ಮುಟ್ಟಿ ಹಿಂದಕ್ಕೆ. ಅಂಥ ದಮ್ಮು ಎಲ್ಲಿಂದ ಬಂತು ಅಂತ ಕೇಳಿದರೆ ಮುಜಫ್ಫರ್ ಹೇಳುತ್ತಿದ್ದದ್ದು ಒಂದೇ ಮಾತು: "ಕನ್ನಡಿ ಒರೆಸಿ ಬಂತು ಗುರು."

ಸುಳ್ಳಲ್ಲ. ತುಮಕೂರು ರಸ್ತೆಯಲ್ಲಿ ಮೊಯಿನುದ್ದೀನ್ ಸೇಟರ ಗಾಜಿನಂಗಡಿ ಇತ್ತು. ಕಿಟಕಿ ಗಾಜು, ಬೇಕರಿ ಶೋಕೇಸಿನ ಗಾಜು, ಬೀರುವಿನ ಆಳೆತ್ತರದ ಕನ್ನಡಿ. ಕತ್ತರಿಸುವ ಕೆಲಸ ಅಕ್ಬರ್ ಪಾಷಾನದು, ಗಿರಾಕಿಗೆ ಕೊಡುವ ಮೊದಲು ಒರೆಸಿ ಫಳಫಳ ಮಾಡುವ ಕೆಲಸ ಮುಜಫ್ಫರನದು. ಕನ್ನಡಿ ಒರೆಸುವಾಗ ಮುಖ ಅದಕ್ಕೆ ತೀರ ಹತ್ತಿರ ಇರುತ್ತದೆ. ಉಸಿರು ಬಿಟ್ಟರೆ ಮಂಜು ಕೂರುತ್ತದೆ, ಮಂಜಿನ ಮೇಲೆ ಬಟ್ಟೆ ಹೋದರೆ ಅಲ್ಲೊಂದು ತೆಳ್ಳನೆ ಗೆರೆ ಉಳಿಯುತ್ತದೆ. ಅದಕ್ಕೇ ಅವನು ಎದೆ ತುಂಬ ಎಳೆದುಕೊಂಡು ಮೇಲಿಂದ ಶುರು ಮಾಡಿದರೆ ಕೆಳಗಿನ ಅಂಚು ಮುಟ್ಟುವವರೆಗೂ ಉಸಿರು ಬಿಡುತ್ತಿರಲಿಲ್ಲ. ಒಂದು ಕನ್ನಡಿಗೆ ಒಂದು ದಮ್ಮು. ಹದಿನಾರು ಹದಿನೇಳರ ವಯಸ್ಸಿನಿಂದ ಮಾಡಿದ್ದು ಇದನ್ನೇ.

ಒರೆಸುವ ನೀರು ಒಂದು ಕಂಪನಿಯಿಂದ ಕ್ಯಾನಿನಲ್ಲಿ ಬರುತ್ತಿತ್ತು. ಆಕಾಶದ ನೀಲಿ. ನೋಡಿದರೆ ಕುಡಿಯಬೇಕು ಅನ್ನಿಸುವಷ್ಟು ಚೆಂದ, ಮುಚ್ಚಳ ತೆಗೆದರೆ ಮೂಗಿಗೆ ಗುದ್ದಿದ ಹಾಗೆ ವಾಸನೆ. ಅದರಲ್ಲಿ ಅಮೋನಿಯಾ ಇತ್ತು, ಸ್ಪಿರಿಟ್ ಇತ್ತು. ಕ್ಯಾನಿನ ಮೇಲೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಏನೇನೋ ಬರೆದಿತ್ತು. ಮೊದಲ ಕ್ಯಾನು ತಂದ ದಿನ ಕಂಪನಿಯ ಸೇಲ್ಸ್‌ಮನ್ನು ಅದನ್ನೆಲ್ಲ ನಿಂತು ವಿವರಿಸಿದ್ದ. ನೀರು ಬೆರೆಸದೆ ಬಳಸಬೇಡಿ, ಬಾಗಿಲು ಕಿಟಕಿ ತೆಗೆದಿಡಿ, ಬೆಂಕಿ ಹತ್ತಿರ ಇಡಬೇಡಿ, ಕೈಗೆ ರಬ್ಬರ್ ಗ್ಲೌಸ್ ಹಾಕಿ, ಕಣ್ಣಿಗೆ ಬಿದ್ದರೆ ಸುಮಾರು ಹೊತ್ತು ನೀರು ಬಿಟ್ಟು ತೊಳೆಯಿರಿ, ತಿನ್ನುವ ಕುಡಿಯುವ ಸಾಮಾನಿನ ಬಾಟಲಿಗೆ ತುಂಬಬೇಡಿ, ಬ್ಲೀಚಿಂಗ್ ಪೌಡರೋ ಇನ್ನೊಂದೋ, ಯಾವುದರ ಜೊತೆಯೂ ಸೇರಿಸಬೇಡಿ. ಸೇಟರು ತಲೆ ಆಡಿಸಿ, ಅವನು ಹೋದ ಮೇಲೆ ಕೆಲಸದವರಿಗೆ ಒಂದೇ ಸಾಲಿನಲ್ಲಿ ದಾಟಿಸಿದರು.

"ನೀರು ಜಾಸ್ತಿ ಹಾಕಿ, ಬೀಡಿ ಆಚೆ ಸೇದಿ. ಸಮಝೆ?"

ಮಿಕ್ಕಿದ್ದೆಲ್ಲ ಅಲ್ಲೇ ಬಿದ್ದುಹೋಯಿತು. ಗಾಜಿನಂಗಡಿಯಲ್ಲಿ ಬ್ಲೀಚಿಂಗ್ ಪೌಡರಿಗೆ ಏನು ಕೆಲಸ?

ಬೀಡಿ ವಿಷಯದಲ್ಲಿ ಮಾತ್ರ ಸೇಟರು ಖಡಕ್ಕು. ಅಕ್ಬರ್ ಪಾಷಾ ಕಿವಿ ಸಂದಿಯ ಬೀಡಿಗೆ ಕೈ ಹಾಕಿದರೆ ಸಾಕು, ಗಲ್ಲಾದಿಂದಲೇ ಕೂಗು.

"ಅರೆ ಮಿಯಾ, ಆಚೆ! ಆಚೆ! ಸ್ಪಿರಿಟ್ ಇದೆ ಬಾಬಾ. ಹತ್ಕೊಂಡ್ರೆ ಅಂಗಡಿ ಜೊತೆ ನನ್ ದಾಡಿನೂ ಹೋಗತ್ತೆ."

"ಹೋಗ್ಲಿ ಬಿಡಿ ಸೇಟ್, ವಯಸ್ಸು ಕಮ್ಮಿ ಕಾಣ್ತೀರ," ಅನ್ನುತ್ತ ಅಕ್ಬರ್ ಪಾಷಾ ಆಚೆ ಹೋಗುತ್ತಿದ್ದ. ಹೋಗುವಾಗ ಒಂದು ಸೀನು. ಆ ವಾಸನೆಗೆ ಅವನಿಗೆ ದಿನವಿಡೀ ಸೀನು. "ಈ ಮುಜಫ್ಫರ್ ನೋಡಿ ಸೇಟ್, ಕಣ್ಣಲ್ಲಿ ಒಂದ್ ಹನಿ ನೀರಿಲ್ಲ. ಇವನು ಮನುಷ್ಯನೋ ಕ್ಯಾನೋ?"

"ಅಭ್ಯಾಸ ಆಗ್ಬೇಕು ಭಾಯ್," ಅಂತ ಮುಜಫ್ಫರ್ ನಗುತ್ತಿದ್ದ. "ನನ್ ಮೂಗಿಗೆ ಇದು ಅತ್ತರ್."

ಅಭ್ಯಾಸ ಆದದ್ದು ಮೂಗಿಗೆ ಮಾತ್ರ ಅಲ್ಲ. ಗ್ಲೌಸ್ ಇಲ್ಲದೆ ವರ್ಷಗಟ್ಟಲೆ ಅದ್ದಿ ಅದ್ದಿ ಬೆರಳ ತುದಿಗಳು ಬಿಳಿಚಿ, ಸುಲಿದು, ಗಟ್ಟಿಯಾಗಿ, ಆಮೇಲೆ ಸ್ಪರ್ಶವೇ ಹೋಗಿಬಿಟ್ಟಿತ್ತು. ತವಾದ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುತ್ತಿದ್ದ. ಆಟದಲ್ಲೂ ಹಾಗೇ. ಎದುರಿನವನನ್ನು ಮುಟ್ಟಿದೆನೋ ಇಲ್ಲವೋ ಬೆರಳಿಗೆ ತಿಳಿಯದು, ಕಣ್ಣಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ನಾವು ಅದನ್ನೂ ಸ್ಟೈಲು ಅಂದುಕೊಂಡು ಓಣಿಯಲ್ಲಿ ಆಡುವಾಗ ಹಾಗೇ ಕತ್ತು ತಿರುಗಿಸುತ್ತಿದ್ದೆವು.

ಟೀಮಿನ ಕ್ಯಾಪ್ಟನ್ನು ಗುರುಪಾದಪ್ಪ. ಬಾಗಲಕೋಟೆ ಕಡೆಯವನು, ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ. ಬಾಗಿಲಷ್ಟು ಅಗಲ ಆಳು, ಹಿಡಿದರೆ ಬಿಡುವವನಲ್ಲ. ಎಂಬತ್ತೆರಡನೇ ಇಸವಿಯಲ್ಲಿ ಒಂದು ದಿನ ಅವನು ಸೈಕಲ್ಲನ್ನು ಗಾಜಿನಂಗಡಿ ಮುಂದೆ ಒರಗಿಸಿ ಒಳಗೆ ಬಂದ.

"ಮುಜಫ್ಫರಾ, ಸುದ್ದಿ ಕೇಳಿದೇನು? ಯಲಹಂಕದ ಟೂರ್ನಮೆಂಟಿಗೆ ಫ್ಯಾಕ್ಟರಿ ಮಂದಿ ಬರಾಕತ್ತಾರ. ಅವರ ಟೀಮಿಗೆ ರೈಡರ್ ಬೇಕಾಗ್ಯಾನಂತ. ಆರಿಸಿಕೊಂಡ್ರ ಪರ್ಮನೆಂಟ್ ನೌಕರಿ."

"ಯಾವ್ ಫ್ಯಾಕ್ಟರಿ ಅಣ್ಣ?"

"ದೊಡ್ಡದು. ಬಸ್ಸು ಬಂದು ಮನಿ ಮುಂದಿಂದ ಕರ್ಕೊಂಡು ಹೋಗ್ತೈತಿ, ಕ್ಯಾಂಟೀನ್ದಾಗ ಊಟ. ಆಫೀಸರ್ ನನ್ನ ಕೇಳಿದ, ಆ ಉಸುರು ಮುಗೀದ ಹುಡುಗ ಅದಾನಲ್ಲ, ಅಂವಾ ಆಡ್ತಾನೇನು ಅಂತ. ನಿನ್ನ ದಮ್ಮು ನೋಡಾಕ ಬರಾಕತ್ತಾರಲೇ."

ಮನೆಯಲ್ಲಿ ಮುಜಫ್ಫರನ ತಾಯಿ ಜೈನಾಬ್ ಈ ಸುದ್ದಿಗೆ ಅಂಗಳದಲ್ಲೇ ದುವಾ ಬೇಡಿದರು. "ಆ ನೀಲಿ ಕ್ಯಾನಿಂದ ಬಿಡುಗಡೆ ಆಗ್ಲಿ ಬೇಟಾ. ನೀನು ಒಳಗೆ ಬಂದ್ರೆ ಸಾರಿಗೂ ಅದೇ ವಾಸನೆ." ಹೀಗೆ ಆ ಮನೆಯ ಮುಂದಿನ ದಾರಿಯೆಲ್ಲ ಒಂದು ದಮ್ಮಿನ ಮೇಲೆ ನಿಂತಿತು.

ಈಗ ಬನಿಯನ್ನಿನ ವಿಷಯ. ಟೀಮಿನಲ್ಲಿ ಒಂದು ಪದ್ಧತಿ ಇತ್ತು. ದೊಡ್ಡ ಆಟದ ಹಿಂದಿನ ದಿನ ಎಲ್ಲರ ಬನಿಯನ್ನುಗಳೂ ಮುಜಫ್ಫರನ ಮನೆಗೆ ಬರಬೇಕು. ನಮ್ಮ ಕಡೆಯ ಬೋರ್ ನೀರಿಗೆ ಬಿಳಿ ಬಟ್ಟೆ ಎರಡು ಒಗೆತಕ್ಕೆ ತುಕ್ಕಿನ ಬಣ್ಣ. ಒಬ್ಬೊಬ್ಬನ ಬನಿಯನ್ನು ಒಂದೊಂದು ಹಳದಿ. ಜೈನಾಬಮ್ಮನಿಗೆ ಅದು ಕಣ್ಣಿಗೆ ಆಗದು. "ಒಂದು ಟೀಮು ಅಂದ್ಮೇಲೆ ಒಂದೇ ಬಿಳುಪು ಇರ್ಬೇಕು" ಅಂತ ಎಲ್ಲವನ್ನೂ ಒಂದೇ ಟಬ್ಬಿನಲ್ಲಿ ಬ್ಲೀಚಿಂಗ್ ಪೌಡರಿಗೆ ನೆನೆಹಾಕಿ, ಒಗೆದು, ಕೊನೆಗೆ ನೀಲಿಯಲ್ಲಿ ಅದ್ದಿ ಒಣಹಾಕುತ್ತಿದ್ದರು. ಆ ಟೀಮು ಸಾಲಾಗಿ ನಿಂತರೆ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು.

ಆ ಶನಿವಾರ ಬೆಳಿಗ್ಗೆ ಜೈನಾಬಮ್ಮ ಬನಿಯನ್ನುಗಳನ್ನು ನೆನೆಹಾಕಿ, ಆರ್‌ಟಿ ನಗರದಲ್ಲಿ ನಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋದರು. "ಒಗೆದು ನೀಲಿ ಹಾಕು, ಅಷ್ಟೇ" ಅಂತ ಮಗನಿಗೆ ಹೇಳಿದ್ದರು. ಗುರುಪಾದಪ್ಪ ತನ್ನ ಬನಿಯನ್ನು ತಡವಾಗಿ ತಂದು ಕೊಟ್ಟಾಗ ಮುಜಫ್ಫರ್ ಗೂಡಿನಲ್ಲಿ ನೀಲಿಯ ಪೊಟ್ಟಣ ಹುಡುಕುತ್ತಿದ್ದ. ಖಾಲಿ.

"ಅಂಗಡ್ಯಾಗ ತರ್ತೀನಿ ತಡಿ," ಅಂದ ಗುರುಪಾದಪ್ಪ.

"ಯಾಕಣ್ಣ, ನೀಲಿ ಇದೆ ನನ್ ಹತ್ರ." ಮನೆಯ ಬೀರುವಿನ ಕನ್ನಡಿಗೆ ಅಂತ ಒಂದು ಶರಬತ್ತಿನ ಬಾಟಲಿ ತುಂಬ ಕ್ಯಾನಿನ ನೀಲಿ ನೀರು ತಂದಿಟ್ಟುಕೊಂಡಿದ್ದ, ನೀರು ಬೆರೆಸದ್ದು. ಅದನ್ನು ಬೆಳಕಿಗೆ ಹಿಡಿದು ತೋರಿಸಿದ. "ನೋಡು, ಅಂಗಡಿ ನೀಲಿಗಿಂತ ಚೆನ್ನಾಗಿದೆ. ಗ್ಲಾಸಿನ ಜಿಡ್ಡೇ ತೆಗೆಯತ್ತೆ, ಬನಿಯನ್ ಬೆವರು ಯಾವ ಲೆಕ್ಕ? ಕೊಳೆನೂ ಹೋಗತ್ತೆ, ಬಣ್ಣನೂ ಬರತ್ತೆ. ನಾಳೆ ಆಫೀಸರ್‌ಗಳ ಕಣ್ಣು ಕುಕ್ಬೇಕು."

ಗುರುಪಾದಪ್ಪ ಬಾಟಲಿಗೆ ಮೂಗು ಇಟ್ಟು ಹಾರಿ ಹಿಂದೆ ಸರಿದ. "ಏ ಥೂ! ಕುದುರಿ ಉಚ್ಚಿ ಹೊಯ್ದಂಗ ಐತಲ್ಲೋ!"

"ಒಣಗಿದ್ರೆ ಹೋಗತ್ತೆ. ನೀನ್ ಆಚೆ ಕೂತ್ಕೋ, ನಿನ್ ಕೈಲಿ ತಡ್ಕೊಳಕ್ ಆಗಲ್ಲ."

"ಹಾಕಪಾ, ಹಾಕು. ಒಗೆಯಾಂವ ನೀನು," ಅಂತ ನಕ್ಕು ಗುರುಪಾದಪ್ಪ ಅಂಗಳದ ಕಲ್ಲಿನ ಮೇಲೆ ಕೂತ.

ಬಚ್ಚಲು ಅಂದರೆ ಆಚೆ ಕಟ್ಟಿದ ಸಣ್ಣ ಗೂಡು. ಚಳಿಗಾಳಿಗೆ ಅಂತ ಮೇಲಿನ ಬೆಳಕಿಂಡಿಗೆ ಗೋಣಿಚೀಲ ತುರುಕಿದ್ದರು. ಬಾಗಿಲು ಸಡಿಲ, ಅಗುಳಿ ಹಾಕದಿದ್ದರೆ ತಾನೇ ತೆರೆದುಕೊಳ್ಳುತ್ತಿತ್ತು. ಹಿಂದಿನ ವರ್ಷ ಪಕ್ಕದ ಮನೆಯ ಆಡು ಒಳಗೆ ನುಗ್ಗಿ ಒಂದು ಬನಿಯನ್ನಿನ ಹೆಗಲು ತಿಂದಿತ್ತು. ಇಂಥ ಆಟದ ಹಿಂದಿನ ದಿನ ಆಡಿಗೆ ಬನಿಯನ್ನು ಕೊಡಲಾಗುತ್ತದೆಯೇ? ಮುಜಫ್ಫರ್ ಅಗುಳಿ ಹಾಕಿಕೊಂಡ. ಟಬ್ಬಿನಲ್ಲಿ ಬ್ಲೀಚಿಂಗ್ ಪೌಡರಿನ ನೀರು ಹಾಗೇ ಇತ್ತು. ಅದಕ್ಕೇ ಬಾಟಲಿ ಬಗ್ಗಿಸಿದ.

ಮೂಗಿಗೆ ವಾಸನೆ ಹೊಡೆಯಿತು. ಅದು ಬೇರೆ ವಾಸನೆ. ಆದರೆ ವಾಸನೆಗೆ ಹೆದರುವವನಲ್ಲವಲ್ಲ ಅವನು. ಕನ್ನಡಿ ಒರೆಸುವಾಗ ಮಾಡುವುದನ್ನೇ ಮಾಡಿದ. ಎದೆ ತುಂಬ ಎಳೆದುಕೊಂಡು, ಕುಕ್ಕರುಗಾಲಲ್ಲಿ ಕೂತು, ಒಂದು ಬನಿಯನ್ನಿಗೆ ಒಂದು ದಮ್ಮು. ನಾಳೆಯ ಅಭ್ಯಾಸವೂ ಆಗಲಿ ಅಂತ ಕಬಡ್ಡಿ ಕಬಡ್ಡಿ ಹೇಳಿಕೊಂಡೇ ಉಜ್ಜತೊಡಗಿದ.

ಅಂಗಳದಲ್ಲಿ ಕೂತ ಗುರುಪಾದಪ್ಪನಿಗೆ ಆ ದನಿ ಕೇಳುತ್ತಿತ್ತು. ಅದೇ ಹೊಲಿಗೆ ಮಿಷನ್ನಿನ ದನಿ. ಒಂದು ಬನಿಯನ್ನು ಮುಗಿಯಿತು. ಇನ್ನೊಂದು. ಮತ್ತೊಂದಕ್ಕೆ ದನಿ ಮೊದಲಿನಷ್ಟು ಉದ್ದ ಬರಲಿಲ್ಲ. ಅದರ ಮುಂದಿನದಕ್ಕೆ ಇನ್ನೂ ಗಿಡ್ಡ.

"ಏನಲೇ, ಈಗ ಸುಸ್ತಾದ್ಯಾ? ನಾಳೆ ಹ್ಯಾಂಗ ಮಾಡಾಂವ?" ಅಂತ ಗುರುಪಾದಪ್ಪ ಕೂಗಿದ. ಒಳಗಿಂದ ಕೆಮ್ಮು ಬಂತು. ಕೆಮ್ಮಿನ ಮೇಲೆ ಕೆಮ್ಮು. ಇವನು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಗುರುಪಾದಪ್ಪ ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದ. ಆಮೇಲೆ ತಂಬಿಗೆ ಉರುಳಿದ ಸದ್ದು, ಬಾಗಿಲನ್ನು ಕೈಯಿಂದ ತಡವಿದ ಸದ್ದು. ಅಗುಳಿ ತೆಗೆದ ಸದ್ದು ಬರಲಿಲ್ಲ.

ಭುಜ ಕೊಟ್ಟು ಬಾಗಿಲು ಒಡೆದಾಗ ಒಳಗಿಂದ ಬಂದ ಗಾಳಿಗೆ ಗುರುಪಾದಪ್ಪನ ಕಣ್ಣು ಮುಚ್ಚಿಹೋದವು. ಮುಜಫ್ಫರ್ ಟಬ್ಬಿನ ಪಕ್ಕ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಬನಿಯನ್ನು ಹಾಗೇ ಇತ್ತು. ಗುರುಪಾದಪ್ಪ ತಾನೂ ಉಸಿರು ಬಿಗಿಹಿಡಿದು, ಆಟದಲ್ಲಿ ಹಿಡಿಯುವ ಹಾಗೆ ಸೊಂಟಕ್ಕೆ ಕೈ ಹಾಕಿ ಆಚೆ ಎಳೆದು ತಂದ.

ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಇಟ್ಟರು. ಡಾಕ್ಟರಮ್ಮ ಗುರುಪಾದಪ್ಪನನ್ನು ವರಾಂಡಕ್ಕೆ ಕರೆದು ಕೇಳಿದರು, "ಏನ್ ಬೆರೆಸಿದ್ರಿ?" ಅವನು ಹೇಳಿದ.

"ಬ್ಲೀಚಿಂಗ್ ಪೌಡರ್‌ಗೆ ಅಮೋನಿಯಾ ಇರೋ ನೀರು ಸೇರಿದ್ರೆ ವಿಷದ ಗಾಳಿ ಏಳತ್ತೆ ಕಣಪ್ಪ. ಮುಚ್ಚಿದ ಬಚ್ಚಲಲ್ಲಂತೂ ಕೇಳ್ಬೇಡ. ಒಂದ್ ಸಲ ಘಾಟು ಬಂದ ಕೂಡ್ಲೆ ಯಾರಾದ್ರೂ ಓಡಿ ಆಚೆ ಬರ್ತಾರೆ. ಇವನು ಯಾಕೆ ಕೂತಿದ್ದ?"

"ಅಂವಾ ದಮ್ಮ ಹಿಡೀತಾನ್ರಿ ಅಕ್ಕಾರ. ಕಬಡ್ಡಿ ಆಡ್ತಾನ್ರಿ."

"ಹಿಡಿದೋನು ಬಿಡ್ಲೇಬೇಕಲ್ಲ? ಬಿಟ್ಟೋನು ಎಳೀಲೇಬೇಕಲ್ಲ? ಬೇರೆಯವರಾಗಿದ್ರೆ ಮೇಲುಸಿರಲ್ಲಿ ಚೂರು ಒಳಗೆ ಹೋಗಿರೋದು. ಇವನು ಪ್ರತಿ ಸಲ ಎದೆ ತುಂಬ ಎಳ್ಕೊಂಡಿದಾನೆ. ತಳದವರೆಗೂ ಸುಟ್ಟಿದೆ."

"ಆಡಾಕ ಬರ್ತೈತೇನ್ರಿ ಮತ್ತ?"

"ಮೊದಲು ಉಸಿರಾಡ್ಲಿ," ಅಂದರು ಡಾಕ್ಟರಮ್ಮ.

ಮರುದಿನ ಟೀಮು ಯಲಹಂಕಕ್ಕೆ ಸಿಕ್ಕಿದ ಅಂಗಿ ತೊಟ್ಟು ಹೋಯಿತು, ಮೊದಲ ಸುತ್ತಿನಲ್ಲೇ ಸೋತು ಬಂತು. ಟಬ್ಬಿನಲ್ಲಿದ್ದ ಬನಿಯನ್ನುಗಳನ್ನು ಯಾರೂ ಮುಟ್ಟಲಿಲ್ಲ. ಫ್ಯಾಕ್ಟರಿಯ ಆಫೀಸರು ವಿಷಯ ಕೇಳಿ, "ಛೆ, ಮುಂದಿನ ವರ್ಷ ಕರ್ಕೊಂಡು ಬನ್ನಿ, ಹುಡುಗನ್ನ ನೋಡೋಣ" ಅಂದರಂತೆ. ಗುರುಪಾದಪ್ಪ ಆ ಮಾತನ್ನು ಆಸ್ಪತ್ರೆಗೆ ಪ್ರಸಾದದ ಹಾಗೆ ತಂದ. ಮುಜಫ್ಫರ್ ಕೇಳಿಸಿಕೊಂಡ. ಹೂಂ ಅಂದ. ಗೋಡೆಯ ಕಡೆ ತಿರುಗಿಕೊಂಡ.

ಅಲ್ಲಿಂದ ಮುಂದಿನ ಒಂದು ವರ್ಷವನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಅದರಲ್ಲಿ ಏನೂ ಆಗಲಿಲ್ಲ. ಅವನು ಎದ್ದ, ಮನೆಗೆ ಬಂದ, ಕೆಲಸಕ್ಕೆ ಹೋದ. ತಿನ್ನು ಅಂದರೆ ತಿಂದ. ಜೈನಾಬಮ್ಮ ಅತ್ತರೆ ಪಕ್ಕದಲ್ಲಿ ಕೂತ, ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. "ಆ ನೀಲಿ ಪೊಟ್ಟಣ ನಾನು ನೋಡಿ ಹೋಗ್ಬೇಕಿತ್ತು" ಅಂತ ಆಕೆ ಎಷ್ಟು ಸಲ ಹೇಳಿದರೂ, "ಪೊಟ್ಟಣ ಅಲ್ಲ ಅಮ್ಮಿ, ಬಿಡು" ಅಂತ ಅಷ್ಟೇ. ಓಣಿಯಲ್ಲಿ ಯಾರಾದರೂ ಎದುರು ಸಿಕ್ಕಿ "ಯಾವಾಗಪ್ಪ ಮತ್ತೆ ಕಬಡ್ಡಿ?" ಅಂದರೆ ಕೇಳಿದವರ ಮುಖ ನೋಡುತ್ತಿದ್ದ, ಅವರು ಇನ್ನೊಬ್ಬರ ವಿಷಯ ಕೇಳುತ್ತಿದ್ದಾರೆ ಅನ್ನುವ ಹಾಗೆ. ಸಿಟ್ಟಿರಲಿಲ್ಲ. ದುಃಖವೂ ಕಾಣುತ್ತಿರಲಿಲ್ಲ. ಬೆರಳ ತುದಿಗೆ ಆಗಿದ್ದದ್ದು ಒಳಗೂ ಹಬ್ಬಿತ್ತೇನೋ.

ಅಂಗಡಿಯಲ್ಲಿ ಮಾತ್ರ ಎಲ್ಲ ಬದಲಾಯಿತು. ಮೊಯಿನುದ್ದೀನ್ ಸೇಟರು ಆ ಸೇಲ್ಸ್‌ಮನ್ನನ್ನು ಮತ್ತೆ ಕರೆಸಿ, ಕುರ್ಚಿ ಹಾಕಿ ಕೂರಿಸಿ, ಕ್ಯಾನಿನ ಮೇಲಿನದನ್ನು ಮೊದಲಿಂದ ಓದಿಸಿದರು. ಈ ಸಲ ಒಂದು ಸಾಲಿಗೆ ಇಳಿಸಲಿಲ್ಲ. ಹಿಂದಿನ ಕಿಟಕಿಗೆ ಅಡ್ಡ ಪೇರಿಸಿದ್ದ ಮರದ ಪೆಟ್ಟಿಗೆಗಳನ್ನು ತೆಗೆಸಿದರು. ರಬ್ಬರ್ ಗ್ಲೌಸ್ ಬಂತು. ಯಾರೂ ಬಾಟಲಿಯಲ್ಲಿ ಮನೆಗೆ ಒಯ್ಯುವ ಹಾಗಿಲ್ಲ ಅಂತಾಯಿತು. ಮುಜಫ್ಫರನ ಬಕೆಟ್ಟಿಗಂತೂ ನೀಲಿ ನೀರು ಹಾಕುವುದನ್ನೇ ನಿಲ್ಲಿಸಿ, ಬರೀ ನೀರು ಮತ್ತು ಹಳೆ ಪೇಪರು ಕೊಟ್ಟರು. ಗಲ್ಲಾ ಪಕ್ಕ ಕೂತಿರು ಅಂದರೂ ಅವನು ಒಪ್ಪಲಿಲ್ಲ.

"ನನ್ ತಪ್ಪು ಮಿಯಾ," ಅಂದರು ಸೇಟರು ಒಂದು ದಿನ. "ಆವತ್ತು ಪೂರ್ತಿ ಹೇಳಿದ್ರೆ..."

"ಹೇಳಿದ್ರೂ ನಾನು ಕೇಳ್ತಿರ್ಲಿಲ್ಲ ಸೇಟ್," ಅಂದ ಮುಜಫ್ಫರ್, ಕನ್ನಡಿಯ ಅಂಚನ್ನು ಒರೆಸುತ್ತ. "ವಾಸನೆ ನಂಗೇನೂ ಮಾಡಲ್ಲ ಅಂದ್ಕೊಂಡಿದ್ದೆ."

ಈಗ ಆಳೆತ್ತರದ ಕನ್ನಡಿಯ ಅರ್ಧಕ್ಕೂ ಅವನ ದಮ್ಮು ಸಾಲುತ್ತಿರಲಿಲ್ಲ.

ಗುರುಪಾದಪ್ಪ ಬಿಡುವವನಲ್ಲ ಅಂದೆನಲ್ಲ. ದಿನಾ ಬೆಳಿಗ್ಗೆ ಬಂದು ಎಬ್ಬಿಸಿ, ಮತ್ತಿಕೆರೆ ಕಡೆ ಓಡಿಸಿಕೊಂಡು ಹೋಗುತ್ತಿದ್ದ. ಮೊದಲು ನಡಿಗೆ, ಆಮೇಲೆ ಸಣ್ಣ ಓಟ. ಮುಜಫ್ಫರ್ ನಿಂತು ಎದೆ ಹಿಡಿದುಕೊಂಡರೆ ಇವನೂ ನಿಲ್ಲುತ್ತಿದ್ದ. ಎದೆಯೊಳಗಿಂದ ಸಣ್ಣ ಸಿಳ್ಳು ಕೇಳುತ್ತಿತ್ತು.

"ನಿನ್ನಿಗಿಂತ ಇವತ್ತ ಉದ್ದ ಬಂದಿ ನೋಡು."

"ಬಂದ್ನಾ? ಇರ್ಬಹುದು."

"ಬರ್ತೈತಿ ತಮ್ಮಾ. ಎಲ್ಲಾ ಹೊಳ್ಳಿ ಬರ್ತೈತಿ. ಆ ಹೊತ್ನ್ಯಾಗ ನಾ ಹಾಕು ಅಂದೆ. ನಾ ಹಾಕಬ್ಯಾಡ ಅಂದಿದ್ರ..."

"ಅಣ್ಣ, ಬಿಸಿಲಾಗತ್ತೆ, ನಡಿ."

ಸುಳ್ಳು ಯಾಕೆ ಹೇಳಲಿ, ಬಂತು. ಪೂರ್ತಿ ಅಲ್ಲ. ಆದರೆ ಭಾನುವಾರ ಮೈದಾನದಲ್ಲಿ ಸಣ್ಣ ಸಣ್ಣ ರೈಡು ಮಾಡುವಷ್ಟು ಬಂತು. ಒಳಗೆ ಹೋಗಿ ಬೇಗ ಮುಟ್ಟಿ ಬರುವುದು. ನಾವೆಲ್ಲ ಮತ್ತೆ ಹೋಗಿ ನಿಂತೆವು. ಆ ದನಿಯನ್ನು ಮತ್ತೆ ಕೇಳಿದಾಗ ಕೆಲವರು ಶಿಳ್ಳೆ ಹೊಡೆದರು. ಅವನು ತಲೆ ಎತ್ತಿ ನೋಡಲಿಲ್ಲ.

ಎಂಬತ್ತಮೂರರ ಟೂರ್ನಮೆಂಟು ಅಟ್ಟೂರಿನ ಹತ್ತಿರದ ಮೈದಾನದಲ್ಲಿ ನಡೆಯಿತು. ಅಂಪೈರು ಅದೇ ಊರಿನ ಮುನಿರಾಮಯ್ಯ, ಹಳೆ ಆಟಗಾರರು. ಶಾಮಿಯಾನದಡಿ ಫ್ಯಾಕ್ಟರಿಯ ಆಫೀಸರು ತಮ್ಮ ಕೋಚನ್ನೂ ಕರೆದುಕೊಂಡು ಬಂದು ಕೂತಿದ್ದರು. ಗುರುಪಾದಪ್ಪ ಅವರ ಕಡೆ ಕೈ ತೋರಿಸಿ ಮುಜಫ್ಫರನಿಗೆ ಹೇಳಿದ, "ಅಕಾ, ಅಲ್ಲಿ ಕುಂತಾರ. ಉದ್ದ ರೈಡ್ ಮಾಡಬ್ಯಾಡ. ಗೆರಿ ಹತ್ರ ಆಡು, ಮುಟ್ಟು, ಹೊಳ್ಳಿ ಬಾ. ದಮ್ಮು ಹೆಂಗೈತಿ ಅಂತ ಅವ್ರಿಗೆ ತಿಳಿಯೂದ ಬ್ಯಾಡ."

ಹಾಗೇ ಆಡಿದ. ಚೆನ್ನಾಗಿ ಆಡಿದ. ಸಣ್ಣ ರೈಡುಗಳಲ್ಲೇ ಪಾಯಿಂಟು ತಂದ. ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಎರಡೂ ಕಡೆ ಸಮ ಸಮ. ಈ ರೈಡಿಗೆ ಪಾಯಿಂಟು ಬಂದರೆ ಗೆದ್ದ ಹಾಗೆ. ಎದುರು ಟೀಮಿನವರು ಇವನ ಲೆಕ್ಕ ಹಿಡಿದಿದ್ದರು, ಎಲ್ಲರೂ ಹಿಂದಿನ ಗೆರೆಗೆ ಹೋಗಿ ನಿಂತುಬಿಟ್ಟರು. ಮುಟ್ಟಬೇಕಾದರೆ ಒಳಗೆ ಹೋಗಲೇಬೇಕು.

ಹೋದ. ಧ್ವನಿವರ್ಧಕದಲ್ಲಿ ಯಾರೋ ಹೆಸರು ಕೂಗುತ್ತಿದ್ದರು, ಜನ ಕಿರುಚುತ್ತಿದ್ದರು. ಆ ಗದ್ದಲದಲ್ಲಿ ಅವನ ತುಟಿ ಆಡುವುದಷ್ಟೇ ಕಾಣುತ್ತಿತ್ತು. ಎಡಕ್ಕೆ ತೋರಿಸಿ ಬಲಕ್ಕೆ ಕೈ ಚಾಚಿದ, ಒಬ್ಬನ ಭುಜ. ಕತ್ತು ತಿರುಗಿಸಿ ನೋಡಿಕೊಂಡ. ಹಿಂದೆ ತಿರುಗುವಾಗ ಕಾಲು ಬೀಸಿದ, ಇನ್ನೊಬ್ಬನ ಮೊಣಕಾಲು. ಓಡಿ ಬಂದು ಮಧ್ಯದ ಗೆರೆ ದಾಟಿದ. ಮುನಿರಾಮಯ್ಯ ಸೀಟಿ ಊದಿ ಇಬ್ಬರನ್ನೂ ಔಟು ಅಂದರು. ಗುರುಪಾದಪ್ಪ ಬಂದು ಅವನನ್ನು ಎತ್ತಿಕೊಂಡ. ಶಾಮಿಯಾನದಲ್ಲಿ ಕೋಚು ಎದ್ದು ನಿಂತಿದ್ದ.

ಮುಜಫ್ಫರ್ ಗುರುಪಾದಪ್ಪನ ಕೈಯಿಂದ ಇಳಿದು, ಬಗ್ಗಿ, ಮಂಡಿಯ ಮೇಲೆ ಕೈ ಊರಿ, ಉಸಿರು ಸಿಕ್ಕುವವರೆಗೂ ಹಾಗೇ ನಿಂತ. ಆಮೇಲೆ ಕೈ ಎತ್ತಿದ.

"ಸಾರ್, ದಮ್ ಕಟ್ ಆಯ್ತು."

"ಏನಂದೆ?" ಮುನಿರಾಮಯ್ಯ ಹತ್ತಿರ ಬಂದರು.

"ಒಳಗಿದ್ದಾಗ ಉಸಿರು ತಗೊಂಡೆ. ಮುಟ್ಟಕ್ ಮುಂಚೆ."

"ನಂಗೇನು ಕೇಳಿಸ್ಲಿಲ್ವಲ್ಲಪ್ಪ. ಅವ್ರೂ ಏನೂ ಏಳ್ಲಿಲ್ಲ. ಪಾಯಿಂಟು ಕೊಟ್ಟಾಗದೆ. ಈಗ ಬಂದು ಇಂಗಂದ್ರೆ ಎಂಗೆ?"

"ಲೇ, ಬಾಯಿ ಮುಚ್ಚಲೇ!" ಗುರುಪಾದಪ್ಪ ಅವನ ತೋಳು ಹಿಡಿದು ಅಲ್ಲಾಡಿಸಿದ. "ಸಾಹೇಬ್ರ, ಅಂವಗ ಸುಸ್ತಾಗೇತ್ರಿ, ಏನೋ ಮಾತಾಡಾಕತ್ತಾನ. ಯಾರಿಗೂ ಕೇಳಿಲ್ರಿ."

"ನಂಗೆ ಕೇಳಿಸ್ತು," ಅಂದ ಮುಜಫ್ಫರ್.

ಮುನಿರಾಮಯ್ಯ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆ ಮುಖದಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. "ಔದಾ? ಸರಿ ಬುಡು," ಅಂದು ಎರಡು ಪಾಯಿಂಟು ತೆಗೆದು, ಅವನನ್ನು ಔಟು ಅಂತ ಕೈ ತೋರಿಸಿದರು. ಮುಂದಿನ ರೈಡಿನಲ್ಲಿ ಎದುರು ಟೀಮಿನವರು ಇನ್ನೊಬ್ಬನನ್ನು ಔಟು ಮಾಡಿದರು. ಆಟ ಮುಗಿಯಿತು, ನಮ್ಮವರು ಸೋತರು.

ಕೋಚು ಬಂದು ಮುಜಫ್ಫರನ ಎದೆಯ ಹತ್ತಿರ ಕಿವಿ ಇಟ್ಟ ಹಾಗೆ ಬಗ್ಗಿ, ಆ ಸಿಳ್ಳನ್ನು ಕೇಳಿಸಿಕೊಂಡ. "ಎಷ್ಟು ದಿನದಿಂದ ಹೀಗೆ?" ಅಂದ. "ಹೋದ ವರ್ಷದಿಂದ ಸಾರ್." ಕೋಚು ಭುಜ ತಟ್ಟಿ, ಆಫೀಸರ ಜೊತೆ ಜೀಪಿನ ಕಡೆ ನಡೆದ. ಆ ಸಲ ಮುಂದಿನ ವರ್ಷ ಅನ್ನುವ ಮಾತು ಯಾರೂ ಆಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಟೀಮಿನವರು ಯಾರೂ ಅವನ ಪಕ್ಕ ಕೂರಲಿಲ್ಲ. ಬ್ಯಾಟರಾಯನಪುರ ಬರುವ ಹೊತ್ತಿಗೆ ಗುರುಪಾದಪ್ಪ ಎದ್ದು ಬಂದು ಕೂತ. ಅವನ ಕಣ್ಣು ಕೆಂಪಾಗಿದ್ದವು.

"ಬೈಯೂದಿಲ್ಲ. ಹೇಳು ಒಂದ ಮಾತು. ಯಾಕ?"

ಮುಜಫ್ಫರ್ ಕಿಟಕಿಯ ಆಚೆ ನೋಡುತ್ತಿದ್ದ. "ಕನ್ನಡಿ ಒರೆಸೋವಾಗ ಮಧ್ಯದಲ್ಲಿ ಉಸಿರು ಬಿಟ್ರೆ ಒಂದು ಗೆರೆ ಉಳಿಯತ್ತೆ ಅಣ್ಣ. ಗಿರಾಕಿಗೆ ಕಾಣಲ್ಲ. ಸೇಟ್‌ಗೂ ಕಾಣಲ್ಲ. ನಂಗೆ ಕಾಣತ್ತೆ."

"ಅದಕ್ಕ ನೌಕರಿ ಬಿಟ್ಟಿ?"

"ಫ್ಯಾಕ್ಟರಿ ಟೀಮಲ್ಲಿ ಮೊದಲ್ನೇ ದಿನಾನೇ ಉದ್ದ ರೈಡ್ ಮಾಡು ಅಂತಿದ್ರು. ಅವ್ರಿಗೂ ಕೇಳಿಸ್ತಿತ್ತು." ಗುರುಪಾದಪ್ಪನ ಕಡೆ ತಿರುಗಿ ಅಂದ, "ನೀನು ಅಳಬೇಡ. ನಂಗೆ ಏನೂ ಅನ್ನಿಸ್ತಿಲ್ಲ. ನಿಜವಾಗ್ಲೂ."

ಹೆಬ್ಬಾಳದ ಕೆರೆಯ ಗಾಳಿ ಕಿಟಕಿಯಿಂದ ಬಂತು. ಗುರುಪಾದಪ್ಪ ಕಿಟಕಿಯನ್ನು ಇನ್ನಷ್ಟು ತೆಗೆದ, ಇವನಿಗೆ ಉಸಿರು ಸಲೀಸಾಗಲಿ ಅಂತ.

ಸೋಮವಾರ ಬೆಳಿಗ್ಗೆ ಮುಜಫ್ಫರ್ ಎಂದಿನ ಹೊತ್ತಿಗೆ ಅಂಗಡಿಗೆ ಬಂದ. ಮುಂದಿನ ಬಾಗಿಲಿನ ಎರಡೂ ರೆಕ್ಕೆ ತೆಗೆದ, ಹಿಂದಿನ ಕಿಟಕಿ ತೆಗೆದು ಹಗ್ಗದಿಂದ ಕಟ್ಟಿದ, ಕ್ಯಾನಿನ ಮುಚ್ಚಳ ಬಿಗಿಯಾಗಿದೆಯಾ ಅಂತ ತಿರುವಿ ನೋಡಿದ. ಬೆರಳಿಗೆ ಬಿಗಿ ತಿಳಿಯುವುದಿಲ್ಲವಲ್ಲ, ಅಕ್ಬರ್ ಪಾಷಾನನ್ನು ಕರೆದು ಅವನ ಕೈಯಲ್ಲೂ ಒಂದು ಸಲ ತಿರುವಿಸಿದ. ಆಮೇಲೆ ತನ್ನ ಬಕೆಟ್ಟು, ಹಳೆ ಪೇಪರು ತೆಗೆದುಕೊಂಡು ಬೀರುವಿನ ಕನ್ನಡಿಯ ಮುಂದೆ ನಿಂತ.

ಕನ್ನಡಿ ಒಯ್ಯಲು ಬಂದಿದ್ದ ವಿದ್ಯಾರಣ್ಯಪುರದ ಗಿರಾಕಿಗೆ ಅವಸರ. ಮುಜಫ್ಫರ್ ಒಂದಿಷ್ಟು ಒರೆಸಿ, ನಿಂತು, ಬಾಗಿಲ ಹತ್ತಿರ ಹೋಗಿ, ಬೀದಿಯ ಕಡೆ ಮುಖ ಮಾಡಿ ಉಸಿರಾಡಿ, ಮತ್ತೆ ಬಂದು ಬಿಟ್ಟಲ್ಲಿಂದ ಒರೆಸುವುದನ್ನು ನೋಡಿ ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಏನಪ್ಪಾ ಇದು, ಒಂದು ಕನ್ನಡಿಗೆ ಎಷ್ಟು ಸಲ ಓಡಾಡ್ತೀಯ? ಗಾಡಿಯವನು ಕಾಯ್ತಿದಾನೆ, ಬೇಗ ಮುಗಿಸು."

"ಇರಿ ಸಾರ್," ಅಂದ ಮುಜಫ್ಫರ್ ಬಾಗಿಲಿಂದಲೇ. "ಉಸಿರಾಡಿ ಬರ್ತೀನಿ."